ಗೆಸ್ಟ್ ರೂಮಿಗೆ ಸಿಒ ಅಲಾರ್ಮ್: ಕಾನೂನು ಕೇಳದಿದ್ದರೂ ಹಾಕಿಸಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಐದು ರೂಮು. ನಾಲ್ಕು ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್, ಹಳೇ ಮನೆಯ ಕಡೆ ಹಂಡೆ ಒಲೆ. ಒಂದು ರೂಮಿನಲ್ಲಿ ಅಗ್ಗಿಷ್ಟಿಕೆ ಕಟ್ಟಿಸಿದ್ದೇವೆ. ಕಳೆದ ತಿಂಗಳು ಅಮೆರಿಕದಲ್ಲಿರುವ ಒಂದು ಕನ್ನಡ ಕುಟುಂಬ ಬಂದು ಉಳಿದಿತ್ತು. ಬಂದವರೇ "ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಎಲ್ಲಿದೆ?" ಅಂತ ಕೇಳಿದರು. ನಾನು ಅಡುಗೆಮನೆಯ ಗ್ಯಾಸ್ ಲೀಕ್ ಡಿಟೆಕ್ಟರ್ ತೋರಿಸಿದೆ. ಅದಲ್ಲ ಅಂದರು. ಅಮೆರಿಕದ ಹೋಟೆಲುಗಳಲ್ಲಿ ಇದು ಕಾನೂನಂತೆ. ನಮ್ಮಲ್ಲೂ ಹಾಗೇನಾದರೂ ಇದೆಯಾ? ಇಲ್ಲ ಅಂದರೆ ಸುಮ್ನೆ ಖರ್ಚು ಯಾಕೆ ಅನ್ನುತ್ತಾರೆ ಯಜಮಾನರು. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅತಿಥಿ ಮಲಗುವ ಕೋಣೆಯಲ್ಲಿ ಸಿಒ, ಅಂದರೆ ಕಾರ್ಬನ್ ಮೊನಾಕ್ಸೈಡ್, ಅಲಾರ್ಮ್ ಇರಲೇಬೇಕು ಎನ್ನುವ ಪ್ರತ್ಯೇಕ ಕೇಂದ್ರ ಕಾನೂನು ನಮ್ಮಲ್ಲಿ ಇಲ್ಲ. ಆದರೂ ನೀವು ಹಾಕಿಸಿ. ಅದಕ್ಕಿಂತ ಮೊದಲು ಆ ನಾಲ್ಕು ಗೀಸರ್‌ಗಳನ್ನು ಬಾತ್‌ರೂಮಿನಿಂದ ಹೊರಗೆ ಹಾಕಿಸಿ. ಸದ್ಯಕ್ಕೆ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಗೀಸರ್ ಮೊದಲು, ಅಲಾರ್ಮ್ ಆಮೇಲೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯಾವುದೇ ವಸ್ತು ಉರಿಯುವಾಗ ಅದಕ್ಕೆ ಗಾಳಿ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸೌದೆ, ಇದ್ದಿಲು, ಅಡುಗೆ ಗ್ಯಾಸ್, ಪೆಟ್ರೋಲ್, ಡೀಸೆಲ್ ಯಾವುದಾದರೂ ಸರಿ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಮಲಗಿದವರು ಹಾಗೇ ಮಲಗಿರುತ್ತಾರೆ.

2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಗ್ಯಾಸ್ ಗೀಸರ್ ಇದ್ದ ಬಚ್ಚಲಿಗೆ ಸ್ನಾನಕ್ಕೆ ಹೋದ ಅಕ್ಕ ತಂಗಿ ಇಬ್ಬರೂ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಇಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ "ಗ್ಯಾಸ್ ಸೋರಿಕೆ" ಅಂತಲೇ ಬರುತ್ತದೆ. ಆ ಪದದಿಂದ ಜನರಿಗೆ ತಪ್ಪು ತಿಳಿವಳಿಕೆ ಆಗುತ್ತಿದೆ ಅನ್ನುವುದು ನನ್ನ ದೊಡ್ಡ ಸಂಕಟ. ಗೀಸರ್ ಸಾವುಗಳಲ್ಲಿ ಬಹಳಷ್ಟು ಸಲ ಯಾವ ಸೋರಿಕೆಯೂ ಇರುವುದಿಲ್ಲ. ಪೈಪ್ ಸರಿ ಇರುತ್ತದೆ, ರೆಗ್ಯುಲೇಟರ್ ಸರಿ ಇರುತ್ತದೆ. ಗ್ಯಾಸ್ ಉರಿದೇ ಇರುತ್ತದೆ. ಉರಿದದ್ದರ ಹೊಗೆಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅಷ್ಟೆ. ಸಿಲಿಂಡರ್ ಗ್ಯಾಸಿಗೆ ಬೇಕಂತಲೇ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ತಿಳಿಯುತ್ತದೆ. ಉರಿದಾಗ ಆ ವಾಸನೆಯೂ ಸುಟ್ಟುಹೋಗುತ್ತದೆ. ನಿಮ್ಮ ಅಡುಗೆಮನೆಯ ಲೀಕ್ ಡಿಟೆಕ್ಟರ್ ಇದಕ್ಕೆ ಕೂಗದೆ ಇರುವುದೂ ಅದಕ್ಕೇ. ಅದು ಉರಿಯದ ಗ್ಯಾಸನ್ನು ಹಿಡಿಯುವ ಯಂತ್ರ. ಸ್ಮೋಕ್ ಡಿಟೆಕ್ಟರ್ ಹೊಗೆಯ ಕಣಗಳನ್ನು ಹಿಡಿಯುತ್ತದೆ. ಇವೆರಡಕ್ಕೂ ಕಾರ್ಬನ್ ಮೊನಾಕ್ಸೈಡ್ ಗೊತ್ತಾಗುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಐದು ಅಡಿಗೆ ಏಳು ಅಡಿ ಬಾತ್‌ರೂಮು, ಎಂಟು ಅಡಿ ಎತ್ತರ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಮಾಮೂಲಿ ಗೀಸರ್ ಹತ್ತು ನಿಮಿಷ ಉರಿದರೆ ಆ ಕೋಣೆಯ ಗಾಳಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನು ಅದೇ ತಿಂದುಬಿಡುತ್ತದೆ. ಗಾಳಿಯಲ್ಲಿ ಆಮ್ಲಜನಕ ಇಳಿಯುತ್ತಾ ಹೋದ ಹಾಗೆ ಬೆಂಕಿ ಇನ್ನೂ ಕೆಟ್ಟದಾಗಿ ಉರಿಯುತ್ತದೆ, ವಿಷ ಇನ್ನೂ ಜಾಸ್ತಿ ಆಗುತ್ತದೆ. ಐದು ನಿಮಿಷ ಸ್ನಾನ ಮಾಡುವವರು ಬಚಾವಾಗುತ್ತಾರೆ. ಒಬ್ಬರ ಹಿಂದೆ ಒಬ್ಬರು ಹೋದರೆ, ಅಥವಾ ತಲೆಸ್ನಾನಕ್ಕೆ ಇಪ್ಪತ್ತು ನಿಮಿಷ ನಿಂತರೆ ಕಥೆ ಬೇರೆ. ಮನೆಯವರಿಗೆ ಒಂದು ಅಭ್ಯಾಸ ಇರುತ್ತದೆ. ಮೊದಲು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾರೆ. ಅತಿಥಿಗೆ ಇದು ಗೊತ್ತಿರುವುದಿಲ್ಲ. ಶವರ್ ಕೆಳಗೆ ನಿಂತು ದಣಿವಾರಿಸಿಕೊಳ್ಳೋಣ ಅಂತಲೇ ಅವರು ನಿಮ್ಮ ಮನೆಗೆ ಬಂದಿರುತ್ತಾರೆ.

ಎರಡು ವರ್ಷದ ಹಿಂದೆ ನಿಮ್ಮಂಥದ್ದೇ ಒಂದು ಹೋಂಸ್ಟೇ ನೋಡಲು ಕರೆದಿದ್ದರು. ಸ್ವಚ್ಛವಾದ ಜಾಗ, ಒಳ್ಳೆಯ ಜನ. ಬಾತ್‌ರೂಮಿನ ಗಾಜಿನ ಪಟ್ಟಿಯ ವೆಂಟಿಲೇಟರ್‌ಗೆ ಒಳಗಿನಿಂದ ಥರ್ಮೋಕೋಲ್ ಕತ್ತರಿಸಿ, ಸುತ್ತಲೂ ಸೆಲ್ಲೋಟೇಪ್ ಹಾಕಿ, ಒಪ್ಪವಾಗಿ ಮುಚ್ಚಿದ್ದರು. ಚಳಿ ಬರುತ್ತೆ, ಹುಳ ಬರುತ್ತೆ ಅಂತ ಯಾರೋ ಗೆಸ್ಟ್ ದೂರಿದ್ದರಂತೆ. ಗೀಸರ್‌ನ ಮೇಲಿನ ಜಾಲರಿಯಿಂದ ಗೋಡೆಯ ಬಿಳಿ ಟೈಲ್ಸ್ ಮೇಲೆ ಒಂದು ಕಪ್ಪು ಗೆರೆ ಎದ್ದಿತ್ತು, ಹಣತೆ ಇಟ್ಟ ಗೂಡಿನಲ್ಲಿ ಇರುತ್ತದಲ್ಲ, ಹಾಗೆ. ಉರಿ ನೀಲಿ ಇರಲಿಲ್ಲ, ತುದಿಯಲ್ಲಿ ಹಳದಿ. ಸ್ಟೂಲಿನ ಮೇಲೆ ಮೀಟರ್ ಇಟ್ಟು, ಬಿಸಿನೀರಿನ ನಲ್ಲಿ ಬಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಏಳು ನಿಮಿಷ ಆದ ಮೇಲೆ ತೆಗೆದು ನೋಡಿದರೆ 200 ಪಿಪಿಎಂ ದಾಟಿತ್ತು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ. ಮನೆಯ ಹಿರಿಯರು ಅಂಕಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮ ಮೊಮ್ಮಗಳು ದಿನಾ ಇಲ್ಲೇ ಸ್ನಾನ ಮಾಡ್ತಾಳೆ ಸಾರ್" ಅಂದರು. ಆಮೇಲೆ ಅವರೇ ಸ್ಟೂಲ್ ಹತ್ತಿ ಥರ್ಮೋಕೋಲ್ ಕಿತ್ತರು.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ನೀವು ಕೇಳಬಹುದು. ಮಲೆನಾಡಿನಲ್ಲಿ ಗ್ಯಾಸ್ ಗೀಸರ್ ಹಾಕಿಸುವುದೇ ಕರೆಂಟ್ ಇರಲ್ಲ ಅಂತ, ಅಲ್ವಾ? ಅದು ಎರಡು ಶೆಲ್ ಮೇಲೆ ಹೊತ್ತಿಕೊಳ್ಳುತ್ತದೆ. ಕರೆಂಟ್ ಹೋದಾಗ ಫ್ಯಾನ್ ನಿಲ್ಲುತ್ತದೆ, ಗೀಸರ್ ಉರಿಯುತ್ತಲೇ ಇರುತ್ತದೆ. ಅದಕ್ಕೇ ಫ್ಯಾನ್ ನಂಬಿಕೊಂಡು ಗೀಸರ್ ಒಳಗೆ ಇಡಬೇಡಿ ಅನ್ನುವುದು. ಹೊರಗೋಡೆಗೆ, ಮಳೆ ಬೀಳದ ಹಾಗೆ ಸೂರಿನ ಕೆಳಗೆ, ಕಿಟಕಿ ವೆಂಟಿಲೇಟರ್‌ಗಳಿಂದ ದೂರ ಕೂರಿಸಿ, ಬರೀ ನೀರಿನ ಪೈಪ್ ಒಳಗೆ ತನ್ನಿ. ಎಲ್‌ಪಿಜಿ ಗೀಸರ್‌ಗೆ ಐಎಸ್ 15558 ಅನ್ನುವ ಭಾರತೀಯ ಮಾನದಂಡ ಇದೆ. ಹೊಸದು ಕೊಳ್ಳುವುದಾದರೆ ಆ ಗುರುತು ನೋಡಿ ಕೊಳ್ಳಿ. ಗುರುತು ಇದ್ದ ಮಾತ್ರಕ್ಕೆ ಮುಚ್ಚಿದ ಬಾತ್‌ರೂಮಿನಲ್ಲಿ ಹಾಕಬಹುದು ಅಂತ ಅರ್ಥ ಅಲ್ಲ.

ಈಗ ನಿಮ್ಮ ಅತಿಥಿ ಹೇಳಿದ ಕಾನೂನಿನ ವಿಷಯ. ಅವರು ಹೇಳಿದ್ದು ಅರ್ಧ ನಿಜ. ಅಮೆರಿಕದಲ್ಲಿ ಎಲ್ಲ ಹೋಟೆಲುಗಳಿಗೂ ಅನ್ವಯಿಸುವ ಒಂದೇ ಕೇಂದ್ರ ಕಾನೂನು ಇಲ್ಲ. ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಬಹಳಷ್ಟು ಕಡೆ ಕಟ್ಟಡದಲ್ಲಿ ಗ್ಯಾಸ್ ಅಥವಾ ಸೌದೆ ಉರಿಸುವ ಉಪಕರಣ ಇದ್ದರೆ, ಇಲ್ಲವೇ ಕಾರ್ ಗ್ಯಾರೇಜ್ ಅಂಟಿಕೊಂಡಿದ್ದರೆ ಮಾತ್ರ ಅಲಾರ್ಮ್ ಕಡ್ಡಾಯ. ಈ ನಿಯಮಗಳು ಹುಟ್ಟಿದ ಬಗೆ ಮಾತ್ರ ತುಂಬ ನೋವಿನದು.

ಉತ್ತರ ಕೆರೊಲಿನಾ ರಾಜ್ಯದಲ್ಲಿ ಬೂನ್ ಅಂತ ಒಂದು ಬೆಟ್ಟದ ಊರು. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಒಂದು ಹೋಟೆಲಿನ 225ನೇ ನಂಬರ್ ರೂಮಿನಲ್ಲಿ ವಯಸ್ಸಾದ ದಂಪತಿ ಸತ್ತರು. ಯಾಕೆ ಅಂತ ಯಾರಿಗೂ ತಕ್ಷಣ ತಿಳಿಯಲಿಲ್ಲ. ರಕ್ತ ಪರೀಕ್ಷೆಗೆ ಹೋಯಿತು. ರೂಮನ್ನು ಮತ್ತೆ ಬಾಡಿಗೆಗೆ ಕೊಟ್ಟರು. ಜೂನ್ 8ರಂದು ಅದೇ ರೂಮಿನಲ್ಲಿ 11 ವರ್ಷದ ಹುಡುಗ ಸತ್ತ, ಅವನ ತಾಯಿ ಹೇಗೋ ಬದುಕಿದರು. ಮೊದಲ ಸಾವಿನ ಪರೀಕ್ಷಾ ಫಲಿತಾಂಶ ಅಷ್ಟರಲ್ಲಿ ಬಂದಿತ್ತು, ಆದರೆ ಅದರ ಮೇಲೆ ಯಾರೂ ಎಚ್ಚರ ಕೊಟ್ಟಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದು. ಆ ರೂಮಿನಲ್ಲಿ ಬೆಂಕಿ ಉರಿಸುವ ಯಾವ ವಸ್ತುವೂ ಕಾರಣ ಆಗಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಈಜುಕೊಳದ ನೀರು ಕಾಯಿಸುವ ಗ್ಯಾಸ್ ಹೀಟರ್ ಇತ್ತು. ಅದರ ಹೊಗೆ ಪೈಪ್ ತುಕ್ಕು ಹಿಡಿದು ತೂತಾಗಿತ್ತು. ವಿಷ ಮೇಲಕ್ಕೆ ಬರುತ್ತಿತ್ತು.

ಅದೇ ವರ್ಷ ಆ ರಾಜ್ಯ ಲಾಡ್ಜ್‌ಗಳಿಗೆ ಸಿಒ ಅಲಾರ್ಮ್ ಕಡ್ಡಾಯ ಮಾಡಿತು. ಆ ಕಾನೂನಿನ ಒಂದು ಸಾಲನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಒಲೆ, ಹೀಟರ್, ಅಗ್ಗಿಷ್ಟಿಕೆ ಇರುವ ಕೋಣೆಗೆ ಮಾತ್ರ ಅಲಾರ್ಮ್ ಸಾಲದು. ಅಂಥ ಕೋಣೆಯ ಜೊತೆ ಗೋಡೆಯನ್ನೋ ನೆಲವನ್ನೋ ಸೂರನ್ನೋ ಹಂಚಿಕೊಂಡಿರುವ ಪಕ್ಕದ, ಮೇಲಿನ, ಕೆಳಗಿನ ಕೋಣೆಗೂ ಬೇಕು, ಮಲಗುವ ಕೋಣೆಯೂ ಸೇರಿ. ಮೂರು ಜೀವ ಹೋದ ದಾರಿಯನ್ನೇ ನೋಡಿಕೊಂಡು ಬರೆದ ಸಾಲು ಅದು.

ಗ್ರೀಸ್‌ನ ಕೋರ್ಫು ದ್ವೀಪದಲ್ಲೂ ಹೀಗೇ ಆಗಿತ್ತು. 2006ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿಂದ ರಜೆಗೆ ಹೋದ ಇಬ್ಬರು ಪುಟ್ಟ ಮಕ್ಕಳು ಹೋಟೆಲಿನ ಕಾಟೇಜಿನಲ್ಲಿ ಸತ್ತರು. ಬಾಯ್ಲರ್ ಇದ್ದದ್ದು ಕಾಟೇಜಿಗೆ ಅಂಟಿದ ಹೊರಕೋಣೆಯಲ್ಲಿ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗಳಿಗೆ 2015ರಲ್ಲಿ ಅಲಾರ್ಮ್ ನಿಯಮ ಬಂತು, 2022ರ ಅಕ್ಟೋಬರ್‌ನಿಂದ ಅದನ್ನು ಗ್ಯಾಸ್ ಬಾಯ್ಲರ್ ಇರುವ ಕೋಣೆಗಳಿಗೂ ವಿಸ್ತರಿಸಿದರು. ಅದಕ್ಕೂ ಹಿಂದೆಯೇ, 1998ರ ಗ್ಯಾಸ್ ಸುರಕ್ಷತೆ ನಿಯಮದಲ್ಲಿ, ಬಾಡಿಗೆಗೆ ಕೊಡುವ ಜಾಗದ ಗ್ಯಾಸ್ ಉಪಕರಣವನ್ನು ವರ್ಷಕ್ಕೊಮ್ಮೆ ನೋಂದಾಯಿತ ಎಂಜಿನಿಯರ್ ತಪಾಸಣೆ ಮಾಡಲೇಬೇಕು ಅಂತ ಇದೆ. ನಮ್ಮ ಹೋಂಸ್ಟೇಗಳಿಗೆ ಅಲಾರ್ಮ್‌ಗಿಂತ ಮೊದಲು ಈ ವರ್ಷಕ್ಕೊಂದು ತಪಾಸಣೆಯ ನಿಯಮ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದು ನಮ್ಮವರಿಗೆ ಸಂಬಂಧ ಇಲ್ಲದ ಸಂಗತಿ ಅಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಒಂದು ರೆಸಾರ್ಟಿನಲ್ಲಿ ಕೇರಳದ ಎಂಟು ಜನ ಒಂದೇ ರೂಮಿನಲ್ಲಿ ಸತ್ತರು, ಅದರಲ್ಲಿ ನಾಲ್ವರು ಮಕ್ಕಳು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿಕೊಂಡು ಕಿಟಕಿ ಬಾಗಿಲು ಭದ್ರ ಮಾಡಿಕೊಂಡಿದ್ದರು. 2024ರ ಡಿಸೆಂಬರ್‌ನಲ್ಲಿ ಜಾರ್ಜಿಯಾ ದೇಶದ ಗುಡೌರಿಯಲ್ಲಿ ಒಂದು ರೆಸ್ಟೋರೆಂಟಿನ ಮೇಲೆ ಮಲಗಿದ್ದ 12 ಕೆಲಸಗಾರರು ಸತ್ತರು, 11 ಮಂದಿ ಭಾರತೀಯರು. ಕರೆಂಟ್ ಹೋಗಿತ್ತು, ಮಲಗುವ ಜಾಗದ ಹತ್ತಿರ ಕಟ್ಟಡದ ಒಳಗೇ ಜನರೇಟರ್ ಹಚ್ಚಿದ್ದರು. ಅತಿಥಿಗಳ ರೂಮಿನ ಬಗ್ಗೆ ಯೋಚಿಸುವವರು ಕೆಲಸದವರು ಮಲಗುವ ಜಾಗವನ್ನು ಮರೆಯುತ್ತಾರೆ. ನಿಮ್ಮಲ್ಲಿ ಅಡುಗೆಯವರು, ತೋಟದವರು ರಾತ್ರಿ ಎಲ್ಲಿ ಮಲಗುತ್ತಾರೆ, ಜನರೇಟರ್ ಎಲ್ಲಿದೆ ಅಂತ ಒಮ್ಮೆ ನೋಡಿ. ಅದು ಕಟ್ಟಡದ ಹೊರಗಿರಬೇಕು, ಹೊಗೆ ಬಿಡುವ ಬಾಯಿ ಯಾವ ಕಿಟಕಿಯ ಕಡೆಗೂ ಇರಬಾರದು.

ನಮ್ಮ ಕಾನೂನು ಏನು ಹೇಳುತ್ತದೆ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬೆಂಕಿ ಸುರಕ್ಷತೆಗೆ ಒಂದು ದೊಡ್ಡ ಭಾಗವೇ ಇದೆ. ಆದರೆ ಅದು ಮಾದರಿ ಸಂಹಿತೆ, ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ನಿಯಮಕ್ಕೆ ಸೇರಿಸಿಕೊಂಡಾಗ ಅದಕ್ಕೆ ಬಲ. ಐದು ರೂಮಿನ ಮನೆಗೆ ಬಂದು ಯಾರೂ ಗೀಸರ್ ನೋಡುವುದಿಲ್ಲ. ಹಾಗಂತ ಹೊಣೆ ತಪ್ಪಿತು ಅಂದುಕೊಳ್ಳಬೇಡಿ, ಯಜಮಾನರಿಗೂ ಇದನ್ನು ಹೇಳಿ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಳೆಯ ಐಪಿಸಿಯಲ್ಲಿ ಇದು ಎರಡು ವರ್ಷ ಇತ್ತು, 2024ರ ಜುಲೈ 1ರಿಂದ ಬದಲಾಗಿದೆ. ಬೆಂಕಿಯನ್ನು ಅಜಾಗರೂಕತೆಯಿಂದ ಬಳಸುವುದಕ್ಕೆ 287ನೇ ಸೆಕ್ಷನ್ ಬೇರೆ ಇದೆ. ದುಡ್ಡು ಕೊಟ್ಟು ಉಳಿದ ಅತಿಥಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯಲ್ಲಿ ಲೋಪ ಅಂತ ಪರಿಹಾರವನ್ನೂ ಕೇಳಬಹುದು. ಮುಚ್ಚಿದ ಬಾತ್‌ರೂಮಿನ ಗ್ಯಾಸ್ ಗೀಸರ್ ಅಪಾಯ ಅನ್ನುವುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವ ಕಾಲದಲ್ಲಿ "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತು ನಿಲ್ಲುವುದು ಕಷ್ಟ. ಇನ್ನೊಂದು ವಿಷಯ, ವಿದೇಶದವರು ಬುಕ್ ಮಾಡುವ ಏರ್‌ಬಿಎನ್‌ಬಿಯಂಥ ಕಡೆ ಸಿಒ ಅಲಾರ್ಮ್ ಇದೆಯೋ ಇಲ್ಲವೋ ಅಂತ ಮನೆಯ ವಿವರದಲ್ಲೇ ಕಾಣುತ್ತದೆ. ನಿಮ್ಮ ಅತಿಥಿ ಬಂದ ಕೂಡಲೇ ಕೇಳಿದ್ದಕ್ಕೆ ಆ ಅಭ್ಯಾಸವೂ ಕಾರಣ ಇರಬಹುದು.

ಅಲಾರ್ಮ್ ಕೊಳ್ಳುವಾಗ ಯುರೋಪಿನ ಮಾನದಂಡವಾದ ಇಎನ್ 50291 ಅಥವಾ ಅಮೆರಿಕದ ಯುಎಲ್ 2034 ಅನ್ನುವ ಗುರುತು ನೋಡಿ. ಎರಡೂ ಇಲ್ಲದ ಅಗ್ಗದ ಮಾಲು ಬೇಡ. ಇಎನ್ ಗುರುತಿನ ಅಲಾರ್ಮ್ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದಲ್ಲಿ ಕೂಗುತ್ತದೆ, 100 ಇದ್ದರೆ 10ರಿಂದ 40 ನಿಮಿಷದಲ್ಲಿ, 300 ಮುಟ್ಟಿದರೆ 3 ನಿಮಿಷದ ಒಳಗೆ. ಹಾಕುವ ಜಾಗದ ಬಗ್ಗೆ ತುಂಬ ಗೊಂದಲ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಸಿಒ ಗಾಳಿಗಿಂತ ಒಂದು ಚೂರು ಹಗುರ, ಕೋಣೆಯ ತುಂಬ ಬೆರೆಯುತ್ತದೆ. ಮಲಗುವ ಕೋಣೆಯಲ್ಲಿ ಮಂಚದ ಮೇಲೆ ಮಲಗಿದವರ ತಲೆಯ ಎತ್ತರಕ್ಕೆ ಗೋಡೆಗೆ ಹಾಕಿ. ಅಗ್ಗಿಷ್ಟಿಕೆ ಇರುವ ಕೋಣೆಯಲ್ಲಿ ಅದರಿಂದ ಒಂದರಿಂದ ಮೂರು ಮೀಟರ್ ದೂರ ಇರಲಿ. ಪರದೆ ಹಿಂದೆ, ಕಿಟಕಿ ಪಕ್ಕ ಬೇಡ. ಬಾತ್‌ರೂಮಿನ ಒಳಗೆ ಹಾಕಬೇಡಿ, ಹಬೆಗೆ ಹಾಳಾಗುತ್ತದೆ. ರೂಮ್ ಕ್ಲೀನ್ ಮಾಡುವವರಿಗೆ ಹೇಳಿಟ್ಟರೆ ಹಾಸಿಗೆ ಬದಲಿಸುವಾಗಲೇ ಟೆಸ್ಟ್ ಬಟನ್ ಒತ್ತಿ ನೋಡುತ್ತಾರೆ. ಒಳಗಿನ ಸೆನ್ಸರ್‌ಗೆ ಆಯುಸ್ಸು ಇದೆ, ಮಾಡೆಲ್ ನೋಡಿಕೊಂಡು ಐದರಿಂದ ಹತ್ತು ವರ್ಷ. ಬದಲಿಸುವ ವರ್ಷವನ್ನು ಅದರ ಹಿಂಭಾಗದಲ್ಲಿ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ.

ಅಗ್ಗಿಷ್ಟಿಕೆಯ ಬಗ್ಗೆ ಎರಡು ಮಾತು. ಜ್ವಾಲೆ ಇರುವಾಗಿನದಕ್ಕಿಂತ ಕೆಂಡ ಆದಾಗ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ. ಹೊಗೆ ಕಾಣಿಸುವುದಿಲ್ಲ ಅಂತ ಜನ ಆಗಲೇ ಚಿಮಣಿಯ ಮುಚ್ಚಳ ಎಳೆದು ಮಲಗುತ್ತಾರೆ. ಕೆಂಡ ಪೂರ್ತಿ ಆರುವವರೆಗೆ ಮುಚ್ಚಳ ತೆರೆದೇ ಇರಬೇಕು. ಚಳಿಗಾಲ ಶುರುವಾಗುವ ಮುಂಚೆ ಚಿಮಣಿ ಒಳಗೆ ಹಕ್ಕಿ ಗೂಡು, ಜೇನುಗೂಡು ಇದೆಯಾ ನೋಡಿಸಿ. ಆ ರೂಮಿನ ಬಾತ್‌ರೂಮಿನಲ್ಲಿ ಜೋರಾದ ಎಕ್ಸಾಸ್ಟ್ ಫ್ಯಾನ್ ಇದ್ದರೆ, ಕಿಟಕಿ ಎಲ್ಲ ಮುಚ್ಚಿದ್ದಾಗ ಅದು ಚಿಮಣಿಯ ಹೊಗೆಯನ್ನು ಕೆಳಕ್ಕೆ ಎಳೆಯುತ್ತದೆ. ಬೆಂಕಿ ಇರುವಾಗ ಒಂದು ಕಿಟಕಿ ಸ್ವಲ್ಪ ತೆರೆದಿರಲಿ.

ಇದ್ದಿಲಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಕೆಂಡವನ್ನು ಬಾಂಡ್ಲಿಯಲ್ಲಿ ರೂಮಿಗೋ ಟೆಂಟಿಗೋ ಒಯ್ಯುವ ಅತಿಥಿಗಳಿದ್ದಾರೆ. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆ ರೂಮಿನಲ್ಲಿ ಇದ್ದಿಲು ಹಚ್ಚಿಕೊಂಡು ಮಲಗಿದ ಮೂವರು ಹುಡುಗರು ಏಳಲೇ ಇಲ್ಲ. ನಮ್ಮ ಅಜ್ಜಿಯಂದಿರು ಬಾಣಂತಿ ಕೋಣೆಯಲ್ಲಿ ಕೆಂಡ ಇಡುತ್ತಿದ್ದರಲ್ಲ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಆಗ ನಾಡಹೆಂಚಿನ ಸಂದಿಯಲ್ಲಿ, ಬೆಳಕಿಂಡಿಯಲ್ಲಿ ಗಾಳಿ ಓಡಾಡುತ್ತಿತ್ತು. ಈಗ ಮೇಲೆ ಆರ್‌ಸಿಸಿ, ಕಿಟಕಿಗೆ ರಬ್ಬರ್ ಪಟ್ಟಿಯ ಗಾಜು. ಕೆಂಡ ಅದೇ ಇರಬಹುದು, ಕೋಣೆ ಅದಲ್ಲ. ರಾತ್ರಿ ಕ್ಯಾಂಪ್‌ಫೈರ್ ಮುಗಿದ ಮೇಲೆ ನಿಮ್ಮವರೇ ನಿಂತು ನೀರು ಹಾಕಿ ಆರಿಸಲಿ. ಚಳಿ ಅಂದವರಿಗೆ ಇನ್ನೊಂದು ಕಂಬಳಿ ಕೊಡಿ.

ಅಲಾರ್ಮ್ ಕೂಗಿದರೆ ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರೆತನ್ನಿ, ತಲೆ ಎಣಿಸಿ, ಸಿಲಿಂಡರ್ ಹೊರಗಿದ್ದರೆ ಬಂದ್ ಮಾಡಿ. ಅಲಾರ್ಮ್ ಇಲ್ಲದೆಯೂ ಗುರುತಿಸುವ ಒಂದು ದಾರಿ ಇದೆ. ಒಂದೇ ರೂಮಿನ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಬಂದು, ಹೊರಗೆ ಬಂದ ಮೇಲೆ ಕಡಿಮೆ ಆಯಿತು ಅಂದರೆ ಅನುಮಾನ ಪಡಿ. ಘಾಟಿ ರಸ್ತೆಯ ವಾಂತಿ, ಊಟದ ತೊಂದರೆ, ರಾತ್ರಿ ಜಾಸ್ತಿ ಕುಡಿದಿದ್ದು ಅಂತ ಬಿಟ್ಟುಬಿಡುವುದೇ ಹೆಚ್ಚು. 108ಕ್ಕೆ ಫೋನ್ ಮಾಡಿ, ಕಾರ್ಬನ್ ಮೊನಾಕ್ಸೈಡ್ ಇರಬಹುದು ಅಂತ ಬಾಯಿಬಿಟ್ಟು ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಸಿಒ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತ ಅಂದುಕೊಂಡು 98, 99 ತೋರಿಸುತ್ತದೆ. ಆಸ್ಪತ್ರೆಯಲ್ಲಿ ಬೇರೆಯೇ ರಕ್ತ ಪರೀಕ್ಷೆ ಬೇಕು. ಚಿಕಿತ್ಸೆ ಶುದ್ಧ ಆಮ್ಲಜನಕ. ಮಾಮೂಲಿ ಗಾಳಿಯಲ್ಲಿ ರಕ್ತದ ಸಿಒ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು.

ನಿಮ್ಮ ಮನೆಗೆ ಬರುವುದಾದರೆ, ಮೊದಲ ಅಲಾರ್ಮ್ ಅಗ್ಗಿಷ್ಟಿಕೆ ರೂಮಿಗೆ, ಎರಡನೆಯದು ಹಂಡೆ ಒಲೆಯ ಗೋಡೆಗೆ ಅಂಟಿದ ರೂಮಿಗೆ. ಆ ಎರಡನೇ ರೂಮಿನಲ್ಲಿ ಬೆಂಕಿ ಇಲ್ಲ ಅಂತ ಬಿಡಬೇಡಿ, 225ನೇ ರೂಮನ್ನು ನೆನಪಿಡಿ. ಉಳಿದ ರೂಮುಗಳಿಗೆ ಮುಂದಿನ ತಿಂಗಳು ಹಾಕಿಸಿದರೂ ನಡೆದೀತು. ಗೀಸರ್ ಮಾತ್ರ ಕಾಯುವ ಕೆಲಸ ಅಲ್ಲ. ಪ್ಲಂಬರ್ ಬಂದು ಹೊರಗೆ ಕೂರಿಸುವವರೆಗೆ ಇವತ್ತೇ ನಾಲ್ಕೂ ಗೀಸರ್‌ಗಳ ಶೆಲ್ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಗ್ಯಾಸ್ ವಾಲ್ವ್ ಬಂದ್ ಮಾಡಿ. ಈ ವಾರಾಂತ್ಯಕ್ಕೆ ಬರುವವರಿಗೆ ಹಂಡೆಯ ಬಿಸಿನೀರನ್ನೇ ಬಕೆಟ್ಟಿನಲ್ಲಿ ಕೊಡಿ.